ಕರಿಬಸಮ್ಮನ ನಂಬರು

ಕಾರ್ತಿಕದ ಇಳಿಬಿಸಿಲು. ಕಿತ್ತು ತಂದ ಕಡಲೆಬಳ್ಳಿ ಅಂಗಳದಲ್ಲಿ ಮೆದೆಯಾಗಿ ಬಿದ್ದಿತ್ತು. ಕೂಲಿಯ ಹೆಂಗಸರು ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ತುಂಬಿದ ಮಂಕರಿ ಹೊತ್ತಿದ್ದ ಅಡವಯ್ಯ ಜಗಲಿಯ ಕಡೆಯಿಂದ ಸೊಸೆ ಲೋಹಿತಾಳ ದನಿ ಕೇಳಿ ನಿಂತುಬಿಟ್ಟ.

“ಏನತ್ತೆ, ಹಂಗ್ ನೋಡ್ತೀಯ? ಮುದ್ದೇಲಿ ಗಂಟು ಐತೆ ಅಂತ ಬಯ್ಯಲ್ವಾ? ಹತ್ತು ವರ್ಷ ಬೈದ ನಾಲ್ಗೆ ಎಲ್ಲೋಯ್ತು?”

ಗೋಡೆಗೊರಗಿ ಕೂತಿದ್ದ ಅವನ ಹೆಂಡತಿ ಕರಿಬಸಮ್ಮನ ಮುಖ ಕೆಂಪೇರಿತ್ತು. ತುಟಿ ಅದುರಿ “ಮುಂ... ಮುಂ...” ಎಂದಷ್ಟೇ ಬಂತು. ಲೋಹಿತಾ ನಕ್ಕಳು. ಗೋಡೆಯ ಗೂಡಿನಲ್ಲಿದ್ದ ಪೆಟ್ಟಿಗೆಯ ಹಸಿರು ಅಂಕಿ ಮೂವತ್ತೊಂದು.

ಬೆಳಿಗ್ಗೆ ಹದಿನಾಲ್ಕಿತ್ತು.

“ಹತ್ತು ವರ್ಷದ ಬಾಕಿ ತೀರಿಸ್ಕಂತಾವ್ಳೆ, ಬುಡು,” ಎಂದಳು ಕೆಂಚಮ್ಮ, ಕಾಯಿಯಿಂದ ಕಣ್ಣೆತ್ತದೆ. ಉಳಿದ ಹೆಂಗಸರು ಕಿಸಕ್ಕನೆ ನಕ್ಕರು. ಅಡವಯ್ಯನಿಗೆ ಮೈ ಉರಿಯಿತು.

ಜ್ಯೇಷ್ಠದಲ್ಲಿ ಕರಿಬಸಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತ್ತು. ದೊಡ್ಡಾಸ್ಪತ್ರೆಯಲ್ಲಿ ತಲೆ ತೆರೆದು, ಹೆಪ್ಪುಗಟ್ಟಿದ ರಕ್ತ ತೆಗೆದು, ಕೂದಲಿಗಿಂತ ತೆಳ್ಳನೆಯ ತಂತಿಯೊಂದನ್ನು ಒಳಗೆ ಬಿಟ್ಟಿದ್ದರು. ಮಿದುಳಿನಲ್ಲಿ ಯಾವುದೋ ಪ್ರೋಟೀನು ಒಸರುತ್ತದಂತೆ. ಸಾಸಿವೆಯ ಸಾವಿರದಲ್ಲೊಂದು ಪಾಲಿದ್ದರೂ ತಂತಿಗೆ ತಿಳಿದು ಪೆಟ್ಟಿಗೆಯಲ್ಲಿ ನಂಬರಾಗಿ ಕಾಣುತ್ತದಂತೆ. ಆರು ತಿಂಗಳು ಬೆಳಿಗ್ಗೆ ಸಂಜೆ ನಂಬರು ಬರೆದಿಡಿ, ಆಮೇಲೆ ಬಂದು ಪೆಟ್ಟಿಗೆ ಒಯ್ಯುತ್ತೇವೆ ಎಂದಿದ್ದರು. ಉಳಿದದ್ದನ್ನೆಲ್ಲ ಹಾಸಿಗೆಯ ಪಕ್ಕದಲ್ಲಿದ್ದ ಸೊಸೆಗೆ ಹೇಳಿದ್ದರು. ಅಡವಯ್ಯ ಹೊರಗೆ ಕಾಗದಗಳಿಗೆ ರುಜು ಹಾಕುತ್ತಿದ್ದ.

ನಂಬರಿನ ವಿಷಯ ಅವನಿಗೆ ಹೊಸದಲ್ಲ. ತನ್ನ ಸಕ್ಕರೆ ಇನ್ನೂರೆಂಬತ್ತಕ್ಕೆ ಏರಿದಾಗ ಅನ್ನ ಬಿಟ್ಟು ನೂರಮೂವತ್ತಕ್ಕೆ ಇಳಿಸಿದವನು. ಕರಿಬಸಮ್ಮನ ಬಿ.ಪಿ. ಏರಿಯೇ ತಲೆಯೊಳಗೆ ನರ ಒಡೆದದ್ದು. ಹದಿನೈದು ದಿನದಿಂದ ಪಟ್ಟಿ ಇಟ್ಟು ನೋಡಿದ್ದ. ಲೋಹಿತಾ ಹತ್ತಿರ ಹೋದಾಗಲೆಲ್ಲ ನಂಬರು ಏರುತ್ತಿತ್ತು. ತಾನು ಕೂತಾಗ ಇಳಿಯುತ್ತಿತ್ತು.

ಮಂಕರಿ ಇಳಿಸಿ ಜಗಲಿ ಹತ್ತಿದ.

“ಬಾಯಿಲ್ಲದೋಳ್ನ ಗೋಳು ಹುಯ್ಕಂತೀಯಲ್ಲಮ್ಮ. ಅವಳ ಪ್ರಾಣ ತೆಗೀಬೇಕೂ ಅಂತ ಮಾಡಿದೀಯ?”

“ಅಂಗಲ್ಲ ಮಾವ. ಆಸ್ಪತ್ರೇಲಿ ಆ ಯಶಸ್ವಿನಿ ಮೇಡಂ ಏನ್ ಹೇಳವ್ರೆ ಅಂದ್ರೆ...”

“ನಿನ್ನ ಪುರಾಣ ನಂಗ್ ಬ್ಯಾಡ. ನಂಬರ್ ನಂಗೂ ಓದಕ್ಕೆ ಬತ್ತೈತೆ.”

“ಒಂದ್ ಮಾತು ಕೇಳಿ ಮಾವ, ನಿಮ್ಮ ದಮ್ಮಯ್ಯ...”

“ಲೇ ಹಾಲೇಶ! ಗಾಡಿ ತೆಗಿ. ಇವಳ್ನ ಕೊರಟಗೆರೆಗೆ, ತವರಿಗೆ ಬುಟ್ಬುಟ್ಟು ಬಾ. ನಾನು ಹೇಳಿಕಳ್ಸೋ ಗಂಟ ಈ ಹೊಸ್ತಿಲು ತುಳೀಕೂಡದು.”

ಮಗ ಏನೋ ಹೇಳಲು ಬಾಯಿ ತೆರೆದ. ಅಪ್ಪನ ಮುಖ ನೋಡಿ ಬೈಕಿನ ಕೀಲಿ ತೆಗೆದುಕೊಂಡ. ಬೈಕು ಹೊರಟಾಗ ಕರಿಬಸಮ್ಮ ಆಡುವ ಕೈಯಿಂದ ಕಂಬ ಹಿಡಿದು ಏಳಲು ನೋಡಿದಳು. ಅಡವಯ್ಯ ಭುಜ ಹಿಡಿದು ಕೂರಿಸಿದ. “ಹೋದ್ಳು ಬುಡು, ಪೀಡೆ,” ಎಂದು ತಲೆ ಸವರಿದ.

ಅಂದಿನಿಂದ ಹೆಂಡತಿಯ ಆರೈಕೆಗೆ ಅವನೇ ನಿಂತ. ತಾನೇ ಮೈ ಒರೆಸಿ, ಹಣೆಗೆ ವಿಭೂತಿ ಇಟ್ಟು, ಗಂಜಿ ಕುಡಿಸಿದ. ಟಿ.ವಿ. ಬಂದ್ ಮಾಡಿಸಿದ. ಅಂಗಳದ ಹೆಂಗಸರಿಗೆ ಗದ್ದಲ ಮಾಡಬೇಡಿ ಎಂದ. ನೋಡಲು ಬಂದ ನೆಂಟರನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ಕೊರಟಗೆರೆಯಿಂದ ದಿನಕ್ಕೆ ಎರಡು ಸಲ ಫೋನು ಬರುತ್ತಿತ್ತು. ಎತ್ತಲಿಲ್ಲ.

ಮೂವತ್ತೊಂದಿದ್ದದ್ದು ಇಪ್ಪತ್ತೆರಡಾಯಿತು. ಹನ್ನೊಂದಾಯಿತು. ಆರಾಯಿತು. ಪ್ರತಿ ಸಂಜೆ ಪೆನ್ಸಿಲಿನಲ್ಲಿ ದಪ್ಪಗೆ ಬರೆಯುವಾಗ ಅವನ ಮನಸ್ಸು ಹಗುರಾಗುತ್ತಿತ್ತು. ಕರಿಬಸಮ್ಮ ಮಾತ್ರ ಬಾಗಿಲನ್ನೇ ನೋಡುತ್ತಿದ್ದಳು. ಸೊಸೆ ಮತ್ತೆ ಬಂದಾಳೆಂಬ ಹೆದರಿಕೆ ಪಾಪ, ಎಂದುಕೊಂಡ. ಒಮ್ಮೊಮ್ಮೆ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನೆಮ್ಮದಿಗೂ ಅಳು ಬರುತ್ತದೆ ಎಂದು ಒರೆಸಿದ. ಬರಬರುತ್ತಾ ಆ “ಮುಂ, ಮುಂ” ನಿಂತಿತು. ಸಂಕಟ ಕಮ್ಮಿಯಾದ ಗುರುತು.

ಮಾರ್ಗಶಿರದ ಎರಡನೇ ವಾರ ವೈ.ಎನ್. ಹೊಸಕೋಟೆಯಲ್ಲಿ ಬಸ್ಸಿಳಿದು ಆಸ್ಪತ್ರೆಯ ಯಶಸ್ವಿನಿ ನಡೆದು ಬಂದಳು. ಆರು ತಿಂಗಳು ಮುಗಿದಿತ್ತು. ಅಡವಯ್ಯ ಹುರಿದ ಕಡಲೆಕಾಯಿ, ಬೆಲ್ಲ ತಂದಿಟ್ಟ. ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಅವಳು ಹಾಳೆ ತಿರುವಿದಳು. ನಡುವೆ ಒಂದು ಕಡೆ ಬೆರಳು ನಿಂತಿತು.

“ಇಲ್ಲಿ ಏನಾಯ್ತು ತಾತ? ಆ ಅಕ್ಕ ಎಲ್ಲಿ?”

“ತವರಿಗೆ ಅಟ್ಟಿದೀನಿ ಕಣಮ್ಮ. ಇವಳ್ನ ಕೆಣಕಿ ಕೆಣಕಿ ಏರಿಸ್ತಿದ್ಳು. ಅವಳು ಹೋದ್ಮ್ಯಾಲೆ ನೋಡು, ಹೆಂಗಿಳೀತು!”

ಯಶಸ್ವಿನಿ ಕರಿಬಸಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ಹೆಸರು ಹಿಡಿದು ಕರೆದಳು. ಮತ್ತೊಮ್ಮೆ ಕರೆದಳು. ಪೆಟ್ಟಿಗೆಯಲ್ಲಿ ಎರಡು. ಅದು ಅಲ್ಲಾಡಲಿಲ್ಲ.

“ಇಷ್ಟು ಇಳಿದೈತೆ ಅಂದ್ರೆ ಗುಣ ಆದಂಗೇ ಅಲ್ವೇನಮ್ಮ?” ಅಡವಯ್ಯ ಮುಖವರಳಿಸಿ ಕೇಳಿದ. “ಮಾತು ಯಾವಾಗ ಬತ್ತದೆ?”

“ಮಾತು ಚಿಗುರೋವಾಗ್ಲೇ ತಾತ, ಆ ನಂಬರ್ ಏರೋದು,” ಎಂದಳು ಯಶಸ್ವಿನಿ, ಅವನ ಮುಖ ನೋಡಲಾರದೆ. “ಆರು ತಿಂಗಳಾದ್ಮೇಲೆ ಏನ್ ಮಾಡಿದ್ರೂ ಏರಲ್ಲ, ಅಷ್ಟರೊಳಗೆ ದಿನಾ ಕೆಣಕಿ ಅತ್ತೆ ಕೈಲಿ ಬೈಸ್ಕೊಳ್ಳಿ ಅಂತ ಆ ಅಕ್ಕನಿಗೆ ಹೇಳಿಕೊಟ್ಟಿದ್ದು ನಾನೇ.”