ಐವತ್ತು ಮೀಟರ್ ದೂರ

ಶಾಸಕಿ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿ ನೋಡಿದರು. ಬೆಚ್ಚಗಿತ್ತು.

“ಒಲೆ ಆ ಕಡೆ ಇದೆಯಲ್ಲ, ಈ ಗೋಡೆ ಯಾಕೆ ಬಿಸಿ?”

“ಅದರಾಚೆ ಕೊಟ್ಟಿಗೆ ಮೇಡಂ. ಕೆಂದ ಹಸು ಇದಕ್ಕೇ ಬೆನ್ನು ಕೊಟ್ಟು ಮಲಗತ್ತೆ,” ಎಂದ ಸೊಸೆ ಮರುಕ್ಷಣ ನಾಲಿಗೆ ಕಚ್ಚಿಕೊಂಡಳು. ಶಾಸಕಿ ಬಂದಿದ್ದೇ ಆ ವಿಷಯಕ್ಕೆ. ದನದ ಕೊಟ್ಟಿಗೆ ವಾಸದ ಮನೆಯಿಂದ ಐವತ್ತು ಮೀಟರ್ ದೂರವಿರಬೇಕು ಎಂಬ ಮಸೂದೆ ಅವರ ಸಮಿತಿಯ ಮುಂದಿತ್ತು. ನೂರಾರು ಹಸು ಕಟ್ಟುವ ದೊಡ್ಡ ಡೈರಿಗಳ ಗಲೀಜಿನ ಬಗ್ಗೆ ದೂರು ಬಂದು ಹುಟ್ಟಿದ ಮಸೂದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಅದು ಈ ಮನೆಯ ಮೇಲೂ ಬಂದು ಬೀಳುವುದರಲ್ಲಿತ್ತು. ಹಿತ್ತಲು, ಅಂಗಳ ಎಲ್ಲ ಸೇರಿಸಿದರೂ ಇಲ್ಲಿ ಅಷ್ಟು ಜಾಗವಿರಲಿಲ್ಲ. ಕಾನೂನಾದರೆ ಇದ್ದ ನಾಲ್ಕು ಹಸುಗಳನ್ನೂ ಮಾರಬೇಕು, ಅಷ್ಟೆ. ಓಟು ಹಾಕುವ ಮುಂಚೆ ಸಣ್ಣ ರೈತರ ಮನೆಗಳನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದವರು ಈ ಶಾಸಕಿಯೊಬ್ಬರೇ.

ಅತ್ತೆ ಮೂಲೆಯ ಸ್ಟೂಲಿನ ಮೇಲೆ ಟೀ ಲೋಟ ಹಿಡಿದು ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಅಕ್ಕಪಕ್ಕದವರೆಲ್ಲ ಆಕೆಯನ್ನು ಕರೆಯುವುದೇ ‘ಲಾಯರಮ್ಮ’ ಎಂದು. ವಾದಕ್ಕೆ ನಿಂತರೆ ಗಡಿಯಾರವನ್ನೂ ತಪ್ಪು ಎಂದು ಒಪ್ಪಿಸುವ ಹೆಂಗಸು. ಅದಕ್ಕೇ ಸೊಸೆ ಬೆಳಿಗ್ಗೆಯೇ ಕೈ ಮುಗಿದಿದ್ದಳು: “ಇವತ್ತೊಂದಿನ ನೀವು ಸುಮ್ಮನಿರಿ ಅತ್ತೆ. ನಾನು ಮಾತಾಡ್ತೀನಿ.”

“ಅಲ್ಲಮ್ಮ, ಆರೋಗ್ಯ ಅಂತ ಒಂದಿದೆಯಲ್ಲ,” ಎಂದರು ಶಾಸಕಿ. “ಸ್ವಲ್ಪ ದೂರ ಇದ್ರೆ ನಿಮಗೇನು ತೊಂದರೆ? ಅದನ್ನ ಹೇಳಿ.”

ಸೊಸೆ ಎದ್ದು ನಿಂತಳು. ಹಾಲು ಕರೆಯುವಾಗಲೆಲ್ಲ ಹಸುಗಳೆದುರು ಒಪ್ಪಿಸಿ ಒಪ್ಪಿಸಿ ಬಾಯಿಪಾಠ ಮಾಡಿದ್ದ ಭಾಷಣ. “ಮಾನ್ಯ ಸದಸ್ಯರೇ, ನಮ್ಮಂಥ ಸಣ್ಣ ಕುಟುಂಬಗಳಿಗೆ…” ಎಂದವಳು ತಟ್ಟನೆ ಮಾತು ನಿಲ್ಲಿಸಿದಳು. ಕಣ್ಣು ಗೋಡೆಯ ಮೇಲಿತ್ತು.

“ಏನಾಯ್ತು? ಮರೆತುಹೋಯ್ತಾ?”

ಅಷ್ಟರಲ್ಲಿ ಅತ್ತೆಯ ಲೋಟ ನೆಲಕ್ಕಿಳಿದಿತ್ತು. “ದಿನ ತುಂಬೋಕೆ ಇನ್ನೂ ಇತ್ತಲ್ಲೇ!” ಎನ್ನುತ್ತಲೇ ಆಕೆ ಓಡಿದರು, ಹಿಂದೆಯೇ ಸೊಸೆ. ಶಾಸಕಿಗೆ ಏನೂ ಕೇಳಿಸಿರಲಿಲ್ಲ. ಆದರೂ ಚಪ್ಪಲಿ ಕೂಡ ಮೆಟ್ಟದೆ ಅವರೂ ಓಡಿದರು.

ಕೆಂದ ಹಸು ಅಡ್ಡಬಿದ್ದು ನರಳುತ್ತಿತ್ತು. ಚೊಚ್ಚಲು. ಕರುವಿನ ಒಂದೇ ಕಾಲು ಹೊರಗೆ ಕಾಣುತ್ತಿತ್ತು. ಅತ್ತೆಯ ಮಗ ಹಾಲು ಹಾಕಲು ಪೇಟೆಗೆ ಹೋಗಿದ್ದ. ದನದ ಡಾಕ್ಟರಿಗೆ ಫೋನು ಮಾಡಿದರೆ ಅವರಿನ್ನೂ ಹೊಳೆಯಾಚೆ ಇದ್ದರು. ಸೊಸೆ ಮೊಳಕೈವರೆಗೆ ಸೋಪು ಬಳಿದುಕೊಂಡು ಕೈ ಒಳಗಿಟ್ಟಳು. ಹಣೆಯಲ್ಲಿ ಬೆವರು ಇಳಿಯತೊಡಗಿತು. “ಇನ್ನೊಂದು ಕಾಲು ಮಡಿಸ್ಕೊಂಡಿದೆ ಅತ್ತೆ… ಸಿಗ್ತಿಲ್ಲ… ಹಾಂ, ಸಿಕ್ತು, ಸಿಕ್ತು!”

ಎರಡೂ ಗೊರಸು ಹೊರಬಂದವು, ಅವುಗಳ ಮೇಲೆ ಪುಟ್ಟ ಮೂತಿ. ಅತ್ತೆ ಕಾಲಿಗೆ ಹಗ್ಗ ಬಿಗಿದು ಅದರ ತುದಿಯನ್ನು ಹಿಂದುಮುಂದು ನೋಡದೆ ಶಾಸಕಿಯ ಕೈಗೆ ತುರುಕಿದರು.

“ಹಿಡ್ಕೋ ತಾಯಿ! ಅವಳು ತಿಣುಕಿದಾಗ ಎಳಿ, ಬಿಟ್ಟಾಗ ಬಿಡು. ಮೇಲಕ್ಕಲ್ಲ, ಕೆಳಕ್ಕೆ! ಏನು, ಬೆಳಿಗ್ಗೆ ಊಟ ಮಾಡಿಲ್ವಾ? ಎಳೀ!”

ಶಾಸಕಿ ಹಲ್ಲು ಕಚ್ಚಿ ಎಳೆದರು. ಸದನದಲ್ಲಿ ಅವರಿಗೆ ಹೀಗೆ ಯಾರೂ ಅಪ್ಪಣೆ ಮಾಡಿರಲಿಲ್ಲ. ಹಸು ತಿಣುಕಿತು, ಮೂವರೂ ತಿಣುಕಿದರು. ಇನ್ನೊಂದು ಸಲ. ಮತ್ತೊಂದು ಸಲ. ಕರು ಸರ್ರನೆ ಜಾರಿ ಬಂದ ರಭಸಕ್ಕೆ ಶಾಸಕಿ ಹುಲ್ಲಿನ ಮೇಲೆ ಅಂಗಾತ ಬಿದ್ದರು, ಒದ್ದೆ ಕರು ಅವರ ಮಡಿಲಲ್ಲಿ.

ಅದು ಅಲುಗಾಡಲಿಲ್ಲ. ಸೊಸೆ ಬಾಯಿ, ಮೂಗಿನ ಲೋಳೆ ಬಳಿದು ತೆಗೆದಳು. ಶಾಸಕಿ ಕೈಗೆ ಸಿಕ್ಕ ಗೋಣಿಯಿಂದ ಅದರ ಪಕ್ಕೆ ಉಜ್ಜುತ್ತಾ, “ಉಸಿರಾಡೋ ಪುಟ್ಟಾ, ಉಸಿರಾಡು” ಎಂದು ಗೋಗರೆದರು. ಅತ್ತೆ ಒಂದು ಹುಲ್ಲುಕಡ್ಡಿಯನ್ನು ಮೂಗಿನ ಹೊಳ್ಳೆಗೆ ತೂರಿಸಿದರು.

ಕರು ಸೀನಿತು, ನೇರ ಶಾಸಕಿಯ ಮುಖಕ್ಕೆ.

ಮೊದಲು ನಕ್ಕವರು ಶಾಸಕಿಯೇ. ನಗುತ್ತಾ ನಗುತ್ತಾ ಕಣ್ಣೀರು ಬಂತು, ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಸಗಣಿ ಮೆತ್ತಿತು. ಅದನ್ನು ನೋಡಿ ಅತ್ತೆ, ಸೊಸೆ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಸು ಕತ್ತು ಚಾಚಿ ಕರುವನ್ನೂ, ಅದರ ಜೊತೆಗೆ ಶಾಸಕಿಯ ತೋಳನ್ನೂ ನೆಕ್ಕಿತು.

ಭಾಷಣ ಹಾಗೇ ಉಳಿಯಿತು. ಹೊರಡುವಾಗ ಸೊಸೆ ಅದನ್ನು ನೆನಪಿಸಿದರೆ ಶಾಸಕಿ, “ಬೇಡಮ್ಮ, ನನ್ನ ಪ್ರಶ್ನೆಗೆ ಉತ್ತರ ಸಿಕ್ತು. ಐವತ್ತು ಮೀಟರ್ ಆಚೆ ಇದ್ದಿದ್ರೆ ಆ ನರಳಾಟ ನಿಮಗೂ ಕೇಳ್ತಿರಲಿಲ್ಲ,” ಎಂದರು.

ಮುಂದಿನ ವಾರ ಅತ್ತೆ, ಸೊಸೆ ಇಬ್ಬರೂ ಕೊಟ್ಟಿಗೆಯಲ್ಲಿದ್ದಾಗ ಫೋನು ಬಂತು. ಸೊಸೆ ಸ್ಪೀಕರ್ ಒತ್ತಿದಳು.

“ಸಮಿತಿ ಒಪ್ಪಿಬಿಡ್ತು ಕಣಮ್ಮ!” ಶಾಸಕಿಯ ದನಿ ಕುಣಿಯುತ್ತಿತ್ತು. “ಸಭೆಯಿಂದಲೇ ಮಾತಾಡ್ತಿದೀನಿ. ತಿದ್ದುಪಡಿನ ಅಧ್ಯಕ್ಷರ ಬಾಯಿಂದಲೇ ಕೇಳಿಸ್ಕೊಳ್ಳಿ.”

ಗಂಟಲು ಸರಿಪಡಿಸಿಕೊಂಡ ಗಂಡುದನಿಯೊಂದು ಓದತೊಡಗಿತು: “ಹತ್ತಕ್ಕಿಂತ ಕಡಿಮೆ ಜಾನುವಾರುಗಳಿರುವ ಕುಟುಂಬಗಳಿಗೆ ಸದರಿ ಅಂತರದ ನಿಯಮವು ಅನ್ವಯಿಸತಕ್ಕದ್ದಲ್ಲ ಮತ್ತು…”

“ಅಂಬಾ!” ಎಂದಿತು ಕರು, ಫೋನಿಗೇ ಮೂತಿಯಿಟ್ಟು.

ಅತ್ತ ಓದು ನಿಂತಿತು. ಯಾರೋ ಕಿಸಕ್ಕೆಂದರು.

“ಅನುಮತಿ ಇಲ್ಲದೆ ಮಧ್ಯೆ ಮಾತಾಡಿದ್ದು ಯಾರು?” ಎಂದಿತು ಗಂಡುದನಿ, ಗಂಭೀರವಾಗಿ. “ದಾಖಲೆಗೆ ಹೆಸರು ಬೇಕು.”

ಅತ್ತೆ ಫೋನಿನ ಮೇಲೆ ಬಗ್ಗಿದರು.

“ಹೆಸರಿನ್ನೂ ಇಟ್ಟಿಲ್ಲ, ಸ್ವಾಮಿ.”