ರಾಕ್ಷಸನಿಗೆ ಒಡ್ಡಿದ ಉರುಳು

ಕಂಪ್ಯೂಟರ್ ಆಟದಲ್ಲಿ ರಾಕ್ಷಸರಿಗೆ ಉರುಳು ಒಡ್ಡುವುದು ದಂಡ, ಕತ್ತಿಯೇ ಸಾಕು ಎಂದು ಮಗಳು ಹೇಳಿದಾಗಲೆಲ್ಲ ಮೊಳಕಾಲ್ಮೂರಿನ ನಮ್ಮ ಹಿತ್ತಲು ನೆನಪಾಗುತ್ತದೆ.

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನದ ಆಟದಲ್ಲಿ ನಾನು ರಾಣಿ, ಮಗ್ಗದಿಂದ ಎದ್ದುಬಂದ ಅಪ್ಪ ರಾಕ್ಷಸ. ನೇಯ್ದು ಉಳಿದ ರೇಷ್ಮೆ ಎಳೆಗಳನ್ನು ಹೊಸೆದು ಬೇವಿನ ಬುಡಕ್ಕೆ ಕಟ್ಟಿ, ಉರುಳು ಮಾಡಿ, ಮೇಲೆ ಮಣ್ಣು ಉದುರಿಸುತ್ತಿದ್ದೆ. ನುಣುಪಾದ ಎಳೆಯಲ್ಲಿ ಗಂಟೇ ನಿಲ್ಲುತ್ತಿರಲಿಲ್ಲ.

"ಅದಕ್ಯಾಕೆ ಇಷ್ಟೊತ್ತು ಒದ್ದಾಡ್ತೀಯ? ಕೋಲು ತಗೊಂಡು ಎರಡು ಬಿಗಿ," ಎಂದು ಅವ್ವ ನಕ್ಕಳು.

"ಕೋಲಿಗೆ ಓಡಿಹೋಗ್ತಾನವ್ವ. ಉರುಳಿಗೆ ಬಿದ್ರೆ ಇಲ್ಲೇ ಇರ್ತಾನೆ," ಎಂದೆ.

ಅಪ್ಪ ಗರ್ಜಿಸುತ್ತ ಬಂದು, ಸರಿಯಾಗಿ ಉರುಳಿನೊಳಗೇ ಕಾಲಿಟ್ಟು ದೊಪ್ಪನೆ ಬಿದ್ದರು. "ಸಿಕ್ಕಿಬಿದ್ದೆ ಕಣವ್ವ, ಇನ್ನೆಲ್ಲಿಗೆ ಹೋಗ್ಲಿ!"

ನಾನು ಕುಣಿದಾಡಿದೆ. ಅಷ್ಟರಲ್ಲಿ ಗಂಟು ಸಡಿಲಾಗಿ ಉರುಳು ಜಾರಿತ್ತು. ನಾನು ನೋಡುತ್ತಿಲ್ಲವೆಂದುಕೊಂಡು ಅಪ್ಪ ಮಲಗಿದಲ್ಲೇ ಎರಡು ಬೆರಳಿನಿಂದ ಅದನ್ನು ಮತ್ತೆ ಕಣಕಾಲಿಗೆ ಏರಿಸಿಕೊಳ್ಳುತ್ತಿದ್ದರು.