ಮನೆಗೊಂದು ನೌಕರಿ

ಊರ ಹೊಲಗಳಲ್ಲಿ ವಿಶ್ವವಿದ್ಯಾಲಯ ಏಳುತ್ತದೆ, ಭೂಮಿ ಕೊಟ್ಟ ಮನೆಗೊಂದು ನೌಕರಿ ಖಾತ್ರಿ ಎಂದಿದ್ದರು. ಈ ಮನೆಯಲ್ಲಿ ಇದ್ದವರು ಇಬ್ಬರು, ಅಣ್ಣ ಮತ್ತು ತಮ್ಮ.

"ನೀ ಹಿಂದ ಸರಿ," ಅಂದ ಅಣ್ಣ.

"ಹೊಲ ಇಬ್ಬರದಣ್ಣಾ. ಸಾಹೇಬ್ರು ಯಾರನ್ನ ಆರಿಸ್ತಾರೋ ಅವರು ಹೋಗೂಣು."

ಇಂಥ ಕಟ್ಟುಮಸ್ತಾದ ತಮ್ಮನನ್ನು ಬಿಟ್ಟು ತನ್ನನ್ನು ಯಾರು ಆರಿಸುತ್ತಾರೆ? ಅಣ್ಣನ ನೆತ್ತರು ಕುದಿಯಿತು. ಕಟ್ಟಿಗೆ ಒಡೆಯುತ್ತಿದ್ದ ಕೊಡಲಿಯನ್ನು ತಮ್ಮನ ಬಲಗೈ ಮೇಲೆ ಬೀಸಿಯೇಬಿಟ್ಟ. ಹಸ್ತ ತುಂಡಾಗಿ ಚಕ್ಕೆಗಳ ನಡುವೆ ಬಿತ್ತು.

ಪೊಲೀಸರು ಕೇಳಿದರೆ ತಮ್ಮ, "ಮೇವಿನ ಮಷಿನ್ನಿಗೆ ಸಿಕ್ಕಿತ್ರಿ," ಅಂದ.

ಸಂದರ್ಶನದ ದಿನ ಅಣ್ಣ ಮೀಸೆ ತಿರುವಿಕೊಂಡು ಸಾಹೇಬರ ಮುಂದೆ ನಿಂತ. ಅವರು ಅವನ ಎರಡೂ ಕೈಗಳನ್ನು ನೋಡಿದರು.

"ನಿಮ್ಮ ಮನೆ ಪಾಲಿಗೆ ಬಂದದ್ದು ಅಂಗವಿಕಲರ ಹುದ್ದೆ. ಅಂಥವರು ಮನೆಯಲ್ಲಿ ಯಾರಾದರೂ ಇದ್ದಾರಾ?"